ಅಂಗೈ ಎತ್ತುವ ಮೊದಲು

ಅಕ್‌ಕುದುಕ್‌ನವರಿಗೆ ಮಾತು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ, ಅವರು ನಮ್ಮೂರಿನ ಒಂದು ಮದುವೆಗೂ ಬಂದವರಲ್ಲ ಎಂದೇ ಲೆಕ್ಕ. ಮದುವೆಯ ಊಟದಲ್ಲಿ ಒಬ್ಬೊಬ್ಬರಾಗಿ ಎದ್ದು ಹಾರೈಸತೊಡಗಿದರೆ ತಟ್ಟೆಯಲ್ಲಿನ ಕುರಿಮಾಂಸ ಆರಿ ತಣ್ಣಗಾಗುತ್ತದೆ, ಮದುಮಗ ಕೂತಲ್ಲೇ ತೂಕಡಿಸುತ್ತಾನೆ. ಅದೇ ಜನ ಸೋಮವಾರ ಬೆಳಿಗ್ಗೆ ಬಾಯ್ಲರ್ ಮನೆಯ ಸಭೆಗೆ ಬಂದು ಕೂತರೋ, ಬಾಯಿಗೆ ಬೀಗ. ಮುಖ್ಯಸ್ಥ ಎರ್ದೆನ್ ಹೇಳಬೇಕು, ಉಳಿದವರು ಚಹಾ ಹೀರುತ್ತ ತಲೆ ಆಡಿಸಬೇಕು. ಕೊನೆಗೆ ಎಲ್ಲರಿಗಿಂತ ಹಿರಿಯನಾದ, ಎಲ್ಲರೂ ಗೌರವದಿಂದ ಅಕ್ಸಕಾಲ್ ಎಂದು ಕರೆಯುವ ಸಾಗಿಂದಿಕ್ ಎರಡೂ ಅಂಗೈ ಎತ್ತಿ ಬತಾ ಹೇಳುತ್ತಾನೆ. ಕೆಲಸ ಸುಸೂತ್ರವಾಗಲಿ, ಬೆಂಕಿ ಆರದಿರಲಿ, ಯಾರ ಕೈಯೂ ಸುಡದಿರಲಿ. ಎಲ್ಲರೂ ಅಂಗೈಯಿಂದ ಮುಖ ಸವರಿಕೊಳ್ಳುತ್ತಾರೆ. ಅಲ್ಲಿಗೆ ಸಭೆ ಮುಗಿಯಿತು. ಬತಾ ಆದ ಮೇಲೆ ಮತ್ತೆ ಮಾತು ತೆಗೆಯುವುದೆಂದರೆ, ಹೊರಟು ನಿಂತ ನೆಂಟರ ಕುದುರೆಯಿಂದ ಜೀನು ಇಳಿಸಿದ ಹಾಗೆ. ಹಿರಿಯರ ಹಾರೈಕೆಯನ್ನೇ ವಾಪಸು ಕೊಟ್ಟಂತೆ.

ಬಲೌಸಾಗೆ ಇದು ಗೊತ್ತಿರಲಿಲ್ಲವೆ? ಅವಳು ಇದೇ ಊರಿನ ಮಗಳು. ಗೊತ್ತಿದ್ದೂ ಎಡವಿದಳು.

ಅವಳು ಬಾಯ್ಲರ್ ಮನೆಗೆ ಎಂಜಿನಿಯರಾಗಿ ಬಂದು ಎರಡು ಚಳಿಗಾಲ ಕಳೆದಿದ್ದವು. ಊರಿನ ಐದಂತಸ್ತಿನ ಮನೆಗಳಿಗೆ, ಆಸ್ಪತ್ರೆಗೆ, ಶಾಲೆಗಳಿಗೆ ಬಿಸಿನೀರು ಹರಿಯುವುದು ಅಲ್ಲಿಂದಲೇ. ಬಾಯ್ಲರುಗಳು ಮೂರು. ಬೇಸಿಗೆಯಲ್ಲಿ ಬೆಂಕಿ ಆರಿಸಿ ಎಲ್ಲ ತಣ್ಣಗಾದ ಮೇಲೆ ಬಲೌಸಾ ಮೂರನೆಯದರ ಹೊಟ್ಟೆಯೊಳಗೆ ತೆವಳಿಕೊಂಡು ಹೋಗಿ ಕೊಳವೆಗಳ ದಪ್ಪ ಅಳೆದಳು. ಹೊರಗೆ ಬಂದಾಗ ಮುಖವೆಲ್ಲ ಮಸಿ, ಆ ಮಸಿಯ ಕೆಳಗೆ ಮುಖ ಬಿಳಚಿಕೊಂಡಿತ್ತು. ಕೊಳವೆಗಳು ತೆಳ್ಳಗಾಗಿದ್ದವು. ನಡುಚಳಿಗಾಲದಲ್ಲಿ, ಹೊರಗೆ ಮೈನಸ್ ನಲವತ್ತು ಇರುವಾಗ ಅವು ಒಡೆದರೆ, ಉಳಿದ ಎರಡು ಬಾಯ್ಲರುಗಳಿಂದ ಊರನ್ನು ಬೆಚ್ಚಗಿಡಲಾಗದು. ಕೊಳವೆ ಬದಲಿಸಬೇಕು. ಹೊಸ ಕೊಳವೆಗಳು ಗೋದಾಮಿನಲ್ಲೇ ಬಿದ್ದಿದ್ದವು, ಕೆಲಸಗಾರರೂ ಇದ್ದರು. ಆದರೆ ಊರಿನ ಕೊಳವೆ ಪರೀಕ್ಷೆಯಿಂದ ಅವರ ಕೈ ಬಿಡುವಾಗುವುದು ಆಗಸ್ಟ್ ಕೊನೆಗೆ. ಆಮೇಲೆ ಬಾಯ್ಲರ್ ಬಿಚ್ಚಿದರೆ ಮತ್ತೆ ಜೋಡಿಸುವಷ್ಟರಲ್ಲಿ ನವೆಂಬರ್ ಬಂದಿರುತ್ತದೆ, ಊರಿಗೆ ಬಿಸಿ ಕೊಡಬೇಕಾದ್ದು ಅಕ್ಟೋಬರ್ ಹದಿನೈದಕ್ಕೆ. ಹಾಗಾಗಿ ಎರ್ದೆನ್ ಬಾಯಿಂದ ಒಂದು ಹೂಂ ಬೇಕಿತ್ತು.

ಮೊದಲ ಸೋಮವಾರ ಅವಳು ಮಾತಾಡಲೇಬೇಕೆಂದು ಬಂದಳು. ಆದರೆ ಸಭೆಯಲ್ಲಿ ಎಲ್ಲರಿಗಿಂತ ಕಿರಿಯ ಹೆಂಗಸು ಅವಳೇ, ಹಾಗಾಗಿ ಚಹಾದ ನೀರು ಕುದಿಯುವ ಸಮೋವರಿನ ಪಕ್ಕ ಕೂತು ಚಹಾ ಹಾಕುವವಳೂ ಅವಳೇ. ಒಬ್ಬರ ಬಟ್ಟಲು ತುಂಬಿಸಿ ಹಾಲು ಬೆರೆಸುವಷ್ಟರಲ್ಲಿ ಇನ್ನೊಬ್ಬರ ಬಟ್ಟಲು ಬರುತ್ತಿತ್ತು. ಹಿರಿಯರೆಲ್ಲ ಮಾತು ಮುಗಿಸಲಿ ಎಂದು ಕಾದಳು. ತಾಯಿ ಕಲಿಸಿದ ಒಳ್ಳೆಯ ಬುದ್ಧಿ ನೋಡಿ, ಕಾದೇ ಕಾದಳು. ಕೊನೆಯ ಬಟ್ಟಲು ಕೆಳಗಿಟ್ಟು, ಹಿರಿಯಣ್ಣನನ್ನು ಕರೆಯುವ ಹಾಗೆ ಎರ್ದೆನ್‌ನನ್ನು "ಆಗಾ, ಮೂರನೇ ಬಾಯ್ಲರ್..." ಎಂದು ತಲೆ ಎತ್ತಿದರೆ ಸಾಗಿಂದಿಕ್‌ನ ಅಂಗೈಗಳು ಆಗಲೇ ಮುಖದಿಂದ ಕೆಳಗಿಳಿಯುತ್ತಿದ್ದವು.

"ಬತಾ ಆಯ್ತಲ್ಲ ಮಗಳೇ" ಎಂದ ಎರ್ದೆನ್. ಗದರಲಿಲ್ಲ, ಅದೇ ಇನ್ನೂ ಚುಚ್ಚಿತು.

ಮುಂದಿನ ಸೋಮವಾರ ಆ ಸಿಟ್ಟನ್ನೆಲ್ಲ ಕಟ್ಟಿಕೊಂಡು ಬಂದಳು. ಚಹಾ ಇನ್ನೂ ಕುದಿಯುವ ಮೊದಲೇ ಎದ್ದು ನಿಂತು, ಉಸಿರು ಬಿಡದೆ ಮಿಲಿಮೀಟರು, ಒತ್ತಡ, ಉಷ್ಣಾಂಶ ಎಲ್ಲ ಒದರಿದಳು. ಕೊನೆಗೆ, "ಮೂರನೇ ಬಾಯ್ಲರ್ ಪೂರ್ತಿ ಕೊಳೆತು ಹೋಗಿದೆ" ಎಂದಳು. ಆ ಬಾಯ್ಲರನ್ನು ಇಪ್ಪತ್ತರ ಹರೆಯದಲ್ಲಿ ತನ್ನ ಕೈಯಾರೆ ಜೋಡಿಸಿದವನು ಸಾಗಿಂದಿಕ್. ಮುದುಕ ಬಟ್ಟಲನ್ನು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿಕೊಂಡ. ಎರ್ದೆನ್ ಹುಬ್ಬು ಗಂಟಿಕ್ಕಿ, "ಕಾಗದ ಅಲ್ಲಿಟ್ಟು ಹೋಗು. ನೋಡೋಣ" ಎಂದ. ಬಾಯ್ಲರ್ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದೇ ಅರ್ಥ.

ಸಂಜೆಯೊಳಗೆ ಸುದ್ದಿ ಬಜಾರು ತಲುಪಿತ್ತು. ಬಜಾರಿನಿಂದ ಅವಳಮ್ಮ ಕುಲ್ಯಾಶ್ ಕಿವಿಗೂ ತಲುಪಿತ್ತು. ಕುಲ್ಯಾಶ್ ಹಿಟ್ಟು ನಾದುತ್ತಿದ್ದಳು. ಮಗಳು ಬಾಗಿಲು ದಾಟುವಷ್ಟರಲ್ಲೇ ಶುರುವಾಯಿತು.

"ನಿನಗೆ ಮಂಕು ಬಡಿದಿದೆಯೇನೇ? ಎರ್ದೆನ್ ಯಾರು? ನನ್ನ ತವರಿನ ಕುಲದವನು. ನೀನು ಅವನಿಗೆ ಜಿಯೆನ್, ಹೆಣ್ಣುಮಗಳ ಕುಡಿ! ಜಿಯೆನ್ ಬಂದು ಕೇಳಿದ್ರೆ ಮೂರು ಸಲದವರೆಗೂ ತವರಿನವರು ತುಟಿ ಪಿಟಕ್ ಅನ್ನೋ ಹಾಗಿಲ್ಲ. ನಮ್ಮಣ್ಣನ ಮನೆಯಿಂದ ನಿನ್ನ ತಮ್ಮ ಕುರಿ ಎತ್ಕೊಂಡು ಬರ್ಲಿಲ್ವಾ? ಯಾರಾದ್ರೂ ಏನಾದ್ರೂ ಅಂದ್ರಾ? ಹೋಗು, ಎರ್ದೆನ್ ಮುಂದೆ ನಿಂತ್ಕೋ, 'ತವರಿನವರೇ, ನಾನು ಜಿಯೆನ್, ಬಾಯ್ಲರ್ ಬಿಚ್ಚಿಸಿಕೊಡಿ' ಅನ್ನು. ಮುಗೀತು."

"ಕುರಿ ಬೇರೆ, ಬಾಯ್ಲರ್ ಬೇರೆ ಅಮ್ಮ."

"ಕೇಳೋ ಬಾಯಿ ಒಂದೇ ತಾನೇ?"

"ಹಾಗೆ ಇಸ್ಕೊಂಡ್ರೆ ಅದು ಕೆಲಸ ಆಗಲ್ಲ ಕಣಮ್ಮ, ಹೆಣ್ಣುಮಗಳಿಗೆ ಕೊಟ್ಟ ಬಾಗಿನ ಆಗುತ್ತೆ. ಬಾಯ್ಲರ್ ಬಿಚ್ಚೋರು ಗೊಣಗ್ತಾ ಬಿಚ್ತಾರೆ. ಬರೋ ವರ್ಷ ನಾನು ಬಾಯಿ ತೆಗೆದ್ರೆ, ಈ ಹುಡುಗಿಗೆ ಮತ್ತೇನು ಬೇಕಂತೆ ಅಂತಾರೆ. ನಾನು ಹೇಳಿದ್ದು ನಿಜ ಅನ್ನೋದಕ್ಕೆ ಅವರು ಒಪ್ಪಬೇಕು."

"ಒಪ್ಪಲಿಲ್ಲವಲ್ಲ!" ಎಂದು ಕುಲ್ಯಾಶ್ ಹಿಟ್ಟಿನ ಮುದ್ದೆಯನ್ನು ಹಲಗೆಗೆ ಬಡಿದಳು.

ಬಾಯ್ಲರ್ ಮನೆಯ ಬಾಗಿಲ ಪಕ್ಕದ ಪುಟ್ಟ ಕೋಣೆಯಲ್ಲಿ ದೂರಿನ ಫೋನು ಇದೆ. ಅದರ ಮುಂದೆ ಊರಿಗೆಲ್ಲ ಹಿರಿಯಕ್ಕನಾದ ಕಾನ್ಶಾಯಿಂ ಅಪಾ ಕೂತಿರುತ್ತಾಳೆ. ಅವಳು ಆ ಕುರ್ಚಿಯಲ್ಲಿ ಕೂತು ಎಷ್ಟು ಕಾಲವಾಯಿತೆಂದರೆ ಈಗ ಬೈಯಲು ಫೋನು ಮಾಡುವವರ ಅಮ್ಮಂದಿರ ಬೈಗುಳವನ್ನೂ ಅವಳು ಕೇಳಿದ್ದಾಳೆ. ಬಲೌಸಾ ಮರುದಿನ ಮುಖ ಊದಿಸಿಕೊಂಡು ಆ ಕೋಣೆಯ ಮುಂದೆ ಹಾದುಹೋಗುವಾಗ ಅಪಾ ಒಣಮೊಸರಿನ ಉಂಡೆಯೊಂದನ್ನು ದವಡೆಗೆ ಒತ್ತರಿಸಿ ಕರೆದಳು.

"ಬಾರೇ ಇಲ್ಲಿ. ನಿನ್ನೆ ಕೂಗಾಡಿದ್ದು ಗೋಡೆ ದಾಟಿ ಇಲ್ಲಿಗೂ ಕೇಳಿಸ್ತು. ಅದನ್ನ ಮಾತು ಅಂದ್ಕೊಂಡಿದೀಯಾ?"

"ಮತ್ತೇನು ಅಪಾ? ಎಲ್ಲ ಸರಿಯಾಗೇ ಹೇಳ್ದೆ. ಒಂದು ಲೆಕ್ಕಾನೂ ತಪ್ಪಿರಲಿಲ್ಲ."

"ಲೆಕ್ಕ ಸರಿ ಇತ್ತು ಕಣೇ. ಎದುರಿಗೆ ಯಾರಿದಾರೆ ಅಂತ ನೋಡಿದ್ಯಾ? ಉರು ಹೊಡೆದಿದ್ದನ್ನ ಕಕ್ಕಿ ಬಂದೆ. ಒಂದು ಕೆಲಸ ಮಾಡು. ಮಧ್ಯಾಹ್ನ ಊಟದ ಹೊತ್ತಿಗೆ ನಾನು ಸೊಂಟ ನೆಟ್ಟಗೆ ಮಾಡ್ಕೊಂಡು ಬರ್ತೀನಿ, ನೀನು ಈ ಫೋನು ನೋಡ್ಕೋ. ಒಂದೇ ಕಟ್ಟಳೆ. ಆ ಕಡೆಯವರು ಎರಡು ಸಲ ಉಸಿರು ತಗೊಳ್ಳೋವರೆಗೂ ನೀನು ಬಾಯಿ ಬಿಡಬಾರದು."

"ಯಾಕೆ ಎರಡು?"

"ಒಂದನೇ ಉಸಿರು ಇನ್ನೊಂದಷ್ಟು ಬೈಯೋದಕ್ಕೆ. ಎರಡನೇದರಲ್ಲಿ ನಿಜ ಹೊರಗೆ ಬರುತ್ತೆ."

ಅದು ಊರಿನ ನೆಲದಡಿಯ ಕೊಳವೆಗಳ ಪರೀಕ್ಷೆಯ ಕಾಲ. ನೀರಿಗೆ ಒತ್ತಡ ಹಾಕಿದರೆ ಊರಿನ ಯಾವುದೋ ಮೂಲೆಯಲ್ಲಿ ನೆಲ ಬಿರಿದು ಚಿಲುಮೆ ಏಳುತ್ತಿತ್ತು, ಫೋನು ಬೆಂಕಿ ಕಾರುತ್ತಿತ್ತು. ಮೊದಲ ಮಧ್ಯಾಹ್ನವೇ ಹೆಂಗಸೊಬ್ಬಳು ಬಾಯ್ಲರ್ ಮನೆಯವರ ಏಳು ತಲೆಮಾರನ್ನೂ ಜಾಲಾಡಿಬಿಟ್ಟಳು. ಕೊಳವೆ ಯಾಕೆ ಒಡೆಯಿತು, ಪರೀಕ್ಷೆ ಯಾಕೆ ಬೇಕು ಎಂದು ವಿವರಿಸಲು ಬಲೌಸಾ ನಾಲಿಗೆ ತುರಿಸುತ್ತಿತ್ತು. ತುಟಿ ಕಚ್ಚಿ ಕೂತಳು. ಹೆಂಗಸು ಉಸಿರು ತೆಗೆದುಕೊಂಡಳು. ಮತ್ತೆ ಬೈದಳು. ಇನ್ನೊಮ್ಮೆ ಉಸಿರು ತೆಗೆದುಕೊಂಡು, ಬೇರೆಯೇ ದನಿಯಲ್ಲಿ, "ನಾಳೆ ಮಗಳನ್ನ ನೋಡೋಕೆ ಗಂಡಿನ ಕಡೆಯವರು ಬರ್ತಿದಾರಮ್ಮ. ಬಾಗಿಲ ಮುಂದೆ ಮೊಣಕಾಲುದ್ದ ಕೆಸರು" ಎಂದಳು.

ಬಲೌಸಾ ಕೊಳವೆಯ ಸುದ್ದಿಯನ್ನೇ ಎತ್ತಲಿಲ್ಲ. ಎರಡು ಹಲಗೆ, ಒಂದು ಗಾಡಿ ಜಲ್ಲಿ ಕಳಿಸಿದಳು. ವಾರ ಕಳೆದ ಮೇಲೆ ಆ ಹೆಂಗಸು ಒಂದು ಬುಟ್ಟಿ ಬೌರ್ಸಕ್ ಹಿಟ್ಟಿನುಂಡೆ ಕರಿದು ತಂದುಕೊಟ್ಟು, ಮಾತುಕತೆ ಗಟ್ಟಿಯಾಯಿತು ಎಂದು ಹೇಳಿಹೋದಳು. ಕಾನ್ಶಾಯಿಂ ಅಪಾ ಬುಟ್ಟಿಗೆ ಕೈಹಾಕಿ, "ನಾನು ಕಲಿಸಿದ್ದಕ್ಕೆ ಅರ್ಧ ನಂದು" ಎಂದಳು.

ಹೀಗೆ ಬೇಸಿಗೆ ಸರಿಯಿತು. ಬಲೌಸಾ ದಿನಾ ಮಧ್ಯಾಹ್ನ ಊರಿನ ಬೈಗುಳ ತಿಂದಳು, ತಿಂದು ಜೀರ್ಣಿಸಿಕೊಳ್ಳುವುದನ್ನೂ ಕಲಿತಳು. ಯಾರಿಗೆ ಯಾವ ಮಾತು ಮೊದಲು ಬೇಕು, ಯಾವುದು ಬೇಡವೇ ಬೇಡ ಎಂಬುದು ಕಿವಿಗೆ ಹತ್ತಿತು. ಮೊದಮೊದಲು ಒಂದು ಕರೆಗೆ ಮುಷ್ಟಿ ಬಿಗಿಹಿಡಿಯುತ್ತಿದ್ದವಳು ಈಗ ಪೆನ್ನಿನಿಂದ ಕಾಗದದ ಮೇಲೆ ಒಂಟೆ ಬರೆಯುತ್ತ ಕೇಳುತ್ತಿದ್ದಳು. ಆಗಸ್ಟ್ ಮುಗಿಯುತ್ತ ಬಂದ ಹಾಗೆ ಫೋನಿನಲ್ಲಿ ಬೇರೊಂದು ಪ್ರಶ್ನೆ ಬರತೊಡಗಿತು. ಹದಿನೈದಕ್ಕೆ ಬಿಸಿ ಬರುತ್ತೆ ತಾನೇ? ಎರ್ದೆನ್ ಹೇಳಿದಾನಾ?

ಒಂದು ದಿನ ನಡುಗುವ ದನಿಯ ಅಜ್ಜಿಯೊಬ್ಬಳು ಅದನ್ನೇ ಕೇಳಿದಳು. ಬಲೌಸಾ ಕಾದಳು. ಎರಡನೇ ಉಸಿರಿಗೆ ಅಜ್ಜಿ ಹೇಳಿದಳು: "ಸುಡೋ ಹಾಗೇನೂ ಬೇಡ ಕಣಮ್ಮ ನನಗೆ. ಅಕ್ಟೋಬರಿನಲ್ಲಿ ಅಂಥಾ ಚಳಿ ಏನಿರುತ್ತೆ? ಹದಿನೈದನೇ ತಾರೀಕು ಬೆಳಿಗ್ಗೆ ಎದ್ದು ರೇಡಿಯೇಟರ್ ಮೇಲೆ ಕೈ ಇಟ್ರೆ ಅದಕ್ಕೆ ಜೀವ ಇರಬೇಕು. ಅಷ್ಟೇ. ಜೀವ ಇದೆ ಅಂತ ಗೊತ್ತಾದ್ರೆ ಚಳಿಗಾಲ ಕಳೀತೀನಿ."

ಬಲೌಸಾ ರಿಸೀವರ್ ಇಟ್ಟಳು. ಒಳಗೆ ಏನೋ ಒಂದು ಸರಿಯಾದ ಜಾಗಕ್ಕೆ ಬಂದು ಕೂತ ಹಾಗಾಯಿತು. ಊಟ ಮುಗಿಸಿ ಬಂದ ಅಪಾಳನ್ನು ಕೇಳಿದಳು, "ಹದಿನೈದು ಅಂದ್ರೆ ಈ ಊರಿಗೆ ಯಾಕಿಷ್ಟು ಪ್ರಾಣ? ಎರ್ದೆನ್ ಆಗಾ ಕೂಡ ಆ ತಾರೀಕು ಅಂದ್ರೆ ಕಲ್ಲಾಗಿಬಿಡ್ತಾರೆ."

ಅಪಾ ಕನ್ನಡಕ ತೆಗೆದು ತಲೆವಸ್ತ್ರದ ಅಂಚಿನಲ್ಲಿ ಒರೆಸಿದಳು. "ನೀನು ಆಗ ಹುಟ್ಟಿರಲಿಲ್ಲ. ದೇಶ ಹರಿದು ಚೂರಾದ ಕಾಲ. ಕಲ್ಲಿದ್ದಲು ಬರ್ತಿರಲಿಲ್ಲ, ಸಂಬಳ ಬರ್ತಿರಲಿಲ್ಲ. ನಾಳೆ ಬಿಸಿ ಬರುತ್ತೆ, ನಾಳೆ ಬರುತ್ತೆ ಅಂತ ಮೇಲಿನೋರು ಹೇಳಿಸ್ತಿದ್ರು. ಫೋನಿನಲ್ಲಿ ನಾನೂ ಅದನ್ನೇ ಹೇಳ್ದೆ. ಎರ್ದೆನ್ ಆಗ ಇನ್ನೂ ಹುಡುಗ, ಕಲ್ಲಿದ್ದಲು ಎಳೆಯೋ ಕೆಲಸ. ಅವನಮ್ಮ ಮನೇಲಿ ಕೋಟು ಹಾಕ್ಕೊಂಡು ಕೂತು, ಮಗ ಬಂದ ತಕ್ಷಣ ಯಾವಾಗಪ್ಪಾ ಅಂತ ಕೇಳೋಳು. ಅವನು ನಾಳೆ ಅನ್ನೋನು. ಒಂದಿನ ಕೇಳೋದನ್ನೇ ಬಿಟ್ಟುಬಿಟ್ಟಳಂತೆ. ಮಗ ಬಂದ್ರೆ ಚಹಾ ಕೊಡೋಳು, ಆ ಮಾತು ಮಾತ್ರ ಎತ್ತುತ್ತಿರಲಿಲ್ಲ. ಅವತ್ತಿಂದ ಅವನ ಬಾಯಲ್ಲಿ ನಾಳೆ ಅನ್ನೋ ಮಾತು ಕೇಳಿದೀಯಾ? ನಾನಂತೂ ಕೇಳಿಲ್ಲ."

ಬಲೌಸಾ ನೆನಪಿಸಿಕೊಂಡಳು. ಹೌದು, ಅವನು ಇವತ್ತು ಅನ್ನುತ್ತಿದ್ದ, ಶುಕ್ರವಾರ ಅನ್ನುತ್ತಿದ್ದ, ಹದಿನೈದು ಅನ್ನುತ್ತಿದ್ದ. ನಾಳೆ ಎಂದದ್ದಿಲ್ಲ. ತಾನು ಎದ್ದು ನಿಂತು ಒದರಿದ್ದು ಇಂಥ ಮನುಷ್ಯನ ಮುಂದೆ, ಊರಿಗೆ ಹೋಗಿ ನಾಳೆ ಎಂದು ಹೇಳು ಅಂತ. ಅವಳಿಗೆ ನಾಚಿಕೆಯಾಯಿತು.

ಆ ವಾರವೇ ಅವಳು ಸಾಗಿಂದಿಕ್‌ನನ್ನು ಹುಡುಕಿಕೊಂಡು ಮೂರನೇ ಬಾಯ್ಲರ್ ಹತ್ತಿರ ಹೋದಳು. ಮುದುಕ ಕವಾಟಕ್ಕೆ ಎಣ್ಣೆ ಹಾಕುತ್ತಿದ್ದ. ತಿರುಗಿ ನೋಡಲಿಲ್ಲ.

"ಅಕ್ಸಕಾಲ್, ಕೊಳೆತಿದೆ ಅಂದಿದ್ದು ತಪ್ಪಾಯ್ತು" ಎಂದಳು. "ಇಷ್ಟು ಚಳಿಗಾಲ ಊರನ್ನ ಹೊತ್ತುಕೊಂಡು ಬಂದಿರೋದಕ್ಕೆ ಅನ್ನೋ ಮಾತಲ್ಲ ಅದು. ಇದನ್ನ ಹೇಗೆ ಜೋಡಿಸಿದ್ರಿ ಅಂತ ಹೇಳ್ತೀರಾ?"

ಮುದುಕ ಮೊದಲು ಗುರ್ ಎಂದ. ಈಗಿನ ಹುಡುಗರಿಗೆ ಸ್ಪ್ಯಾನರ್ ಹಿಡಿಯಲು ಬರುವುದಿಲ್ಲ, ಬಾಯಿ ಮಾತ್ರ ಬರುತ್ತದೆ ಎಂದ. ಬಲೌಸಾ ಸುಮ್ಮನಿದ್ದಳು. ಆಮೇಲೆ ಹೇಳತೊಡಗಿದ, ಹೇಳುತ್ತಾ ಹೇಳುತ್ತಾ ಬಾಯ್ಲರಿನ ಮೈ ಸವರಿದ. ಕಥೆ ಮುಗಿದ ಮೇಲೆ ಉಸಿರೆಳೆದುಕೊಂಡು ಕೇಳಿದ: "ಬಿಚ್ಚಿದ ಮೇಲೆ ಇದನ್ನ ಗುಜರಿಗೆ ಹಾಕ್ತಾರಾ? ನನ್ನನ್ನೂ ಅದರ ಜೊತೆಗೇ ಮನೆಗೆ ಕಳಿಸ್ತಾರಾ?"

"ಒಳಗಿನ ಕೊಳವೆ ಮಾತ್ರ ಹೊಸದು ಅಕ್ಸಕಾಲ್. ಮೈಯೆಲ್ಲ ನೀವು ಕಟ್ಟಿದ್ದೇ. ನೀವು ನಿಂತು ತೋರಿಸದೆ ಇದನ್ನ ಬಿಚ್ಚೋಕೆ ನನಗೂ ಬರಲ್ಲ, ಯಾರಿಗೂ ಬರಲ್ಲ."

ಸಾಗಿಂದಿಕ್ ಎಣ್ಣೆಯ ಡಬ್ಬಿ ಎತ್ತಿಕೊಂಡು ಮುಂದಿನ ಕವಾಟಕ್ಕೆ ಹೋದ.

ಸೆಪ್ಟೆಂಬರಿನ ಮೊದಲ ಸೋಮವಾರ. ಅವತ್ತು ತಪ್ಪಿದರೆ ಈ ವರ್ಷ ತಪ್ಪಿದಂತೆಯೇ, ಬಾಯ್ಲರ್ ಬಿಚ್ಚಲು ಸಮಯ ಉಳಿಯುವುದಿಲ್ಲ. ಬಲೌಸಾ ಬೆಳಿಗ್ಗೆ ಬಾಯ್ಲರ್ ಮನೆಯ ಗೇಟಿಗೆ ಬಂದರೆ ಅಲ್ಲಿ ಯಾರಿರಬೇಕು? ಕುಲ್ಯಾಶ್. ಹಬ್ಬಕ್ಕೆ ಉಡುವ ಮಖಮಲ್ಲಿನ ಅಂಗಿ, ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ಕುದುರೆಮಾಂಸದ ಕಾಜಿ ಕಟ್ಟಿದ ಗಂಟು. ತವರಿಗೆ ಹೊರಟ ಹೆಣ್ಣುಮಗಳ ಪೂರ್ತಿ ಸಜ್ಜು.

"ನಿನ್ನ ಕೈಲಾಗಲ್ಲ ಅಂತ ನಾನೇ ಬಂದೆ" ಎಂದಳು. "ಎರ್ದೆನ್ ಮುಂದೆ ಈ ಗಂಟು ಬಿಚ್ಚಿ ಕೇಳ್ತೀನಿ. ಅದೆಂಥಾ ತವರಿನವನೋ ನೋಡೇಬಿಡ್ತೀನಿ!"

ಕಿಟಕಿಗಳಲ್ಲಿ ಆಗಲೇ ತಲೆಗಳು ಕಾಣಿಸಿಕೊಂಡಿದ್ದವು. ಮೊದಲಾಗಿದ್ದರೆ ಬಲೌಸಾ ಕೂಗುತ್ತಿದ್ದಳು. ಈಗ ಗಂಟಿನ ಇನ್ನೊಂದು ತುದಿ ಹಿಡಿದು ನಿಂತಳು, ಅಷ್ಟೇ. ಕುಲ್ಯಾಶ್ ಬೈದಳು: ಗಂಡಸರ ಜಂಬ, ಮಗಳ ಹಟ, ಸತ್ತ ಗಂಡನ ಮೆತ್ತಗಿನ ಸ್ವಭಾವ, ಎಲ್ಲ ಬಂತು. ಉಸಿರು ತೆಗೆದುಕೊಂಡಳು. ಇನ್ನೊಂದಷ್ಟು ಬೈದಳು. ಮತ್ತೆ ಉಸಿರು ತೆಗೆದುಕೊಂಡಾಗ ಅವಳ ದನಿ ಇಳಿಯಿತು.

"ಬಜಾರಿನಲ್ಲಿ ನಗ್ತಿದ್ರು ಕಣೇ. ಕುಲ್ಯಾಶ್ ಮಗಳು ಬತಾ ಆದ ಮೇಲೆ ಬಾಯಿ ತೆಗೆದಳಂತೆ ಅಂತ. ಇವತ್ತೂ ಹಾಗೇ ಆದ್ರೆ ನೀನು ಇಲ್ಲಿ ನಿಲ್ಲಲ್ಲ, ಊರು ಬಿಟ್ಟು ಹೋಗ್ತೀಯ. ನನಗೆ ಗೊತ್ತು."

ಬಲೌಸಾ ಅಮ್ಮನ ಕೈ ಹಿಡಿದಳು. "ಹೋಗಲ್ಲ ಅಮ್ಮ. ಇವತ್ತು ಇಲ್ಲ ಅಂದ್ರೂ ಹೋಗಲ್ಲ, ಬರೋ ವರ್ಷ ಮತ್ತೆ ಕೇಳ್ತೀನಿ. ಆದ್ರೆ ನೀನು ಒಳಗೆ ಬಂದ್ರೆ ನನ್ನ ಮಾತನ್ನ ಇನ್ಯಾವತ್ತೂ ಯಾರೂ ಕೇಳಲ್ಲ, ನಿನ್ನ ಗಂಟನ್ನೇ ನೋಡ್ತಾರೆ. ಇವತ್ತೊಂದು ದಿನ ನನಗೆ ಬಿಟ್ಟುಕೊಡು."

ಕುಲ್ಯಾಶ್ ಮಗಳ ಮುಖ ನೋಡಿದಳು. ಈ ಹುಡುಗಿ ಯಾವಾಗ ಹೀಗೆ ಮೆಲ್ಲಗೆ ಮಾತಾಡಲು ಕಲಿತಳು ಎಂದು ಅವಳಿಗೇ ಸೋಜಿಗ. "ಆಯ್ತು. ಕಾಜಿ ಮಾತ್ರ ವಾಪಸು ಹೊತ್ಕೊಂಡು ಹೋಗಲ್ಲ, ಕಾನ್ಶಾಯಿಂಗೆ ಕೊಡು" ಎಂದು ಗಂಟು ಬಿಟ್ಟು ತಿರುಗಿ ನಡೆದಳು. ಬಲೌಸಾ ಜೀವನದಲ್ಲಿ ಯಾರನ್ನಾದರೂ ಮಾತಿನಿಂದ ಗೆದ್ದಿದ್ದರೆ ಅದು ಅವತ್ತೇ ಮೊದಲು, ಅದೂ ಆ ಊರಿನಲ್ಲೇ ಎಲ್ಲರಿಗಿಂತ ಗಟ್ಟಿ ಗಿರಾಕಿಯನ್ನು.

ಸಭೆಯ ಕೋಣೆಗೆ ಹೋದರೆ ಸಮೋವರಿನ ಪಕ್ಕ ಕಾನ್ಶಾಯಿಂ ಅಪಾ ಕೂತಿದ್ದಳು.

"ಅಪಾ, ನೀವ್ಯಾಕೆ ಇಲ್ಲಿ?"

"ಇವತ್ತು ಚಹಾ ನಾನು ಹಾಕ್ತೀನಿ. ಹೋಗಿ ಮೇಜಿನ ಹತ್ರ ಕೂತ್ಕೋ."

ಅಷ್ಟು ಹಿರಿಯಳಾದ ಹೆಂಗಸು ಕಿರಿಯಳ ಬದಲು ಚಹಾ ಹಾಕಲು ಕೂತದ್ದನ್ನು ನೋಡಿ ಗಂಡಸರು ಮುಖಮುಖ ನೋಡಿಕೊಂಡರು. ಇವತ್ತು ಏನೋ ಇದೆ ಎಂದು ಎಲ್ಲರಿಗೂ ಗೊತ್ತಾಯಿತು. ಬಲೌಸಾ ಕೈಯಲ್ಲಿ ಬಟ್ಟಲಿಲ್ಲ, ಕಾಗದವೂ ಇಲ್ಲ. ಆ ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡಳು.

ಎರ್ದೆನ್ ಕಲ್ಲಿದ್ದಲಿನ ವಿಷಯ ಮುಗಿಸಿದ. ಒಂದು ಕ್ಷಣ ಬಿಡುವಾಯಿತು.

"ಆಗಾ" ಎಂದಳು. "ಬತಾಕ್ಕೆ ಮೊದಲು ನನ್ನದೊಂದು ಮಾತಿದೆ. ಅಪ್ಪಣೆ ಇದ್ರೆ ಹೇಳ್ತೀನಿ."

"ಹೇಳು."

"ಹದಿನೈದನೇ ತಾರೀಕು ಊರಿಗೆ ಬಿಸಿ ಬರಬೇಕು. ಒಂದು ದಿನ ಕೂಡ ತಡ ಆಗಬಾರದು. ಇದು ಮೊದಲ ಮಾತು." ಎರ್ದೆನ್ ಹುಬ್ಬು ಮೇಲೇರಿತು. ಅವಳು ಹಿಂದಿನ ಸಲದ ಹಾಗೆ ಓಡಲಿಲ್ಲ, ಒಂದೊಂದೇ ಹೆಜ್ಜೆ ಇಟ್ಟಳು. "ಎರಡನೇದು, ಅಕ್ಟೋಬರಿನಲ್ಲಿ ಜನಕ್ಕೆ ಸುಡೋ ಬಿಸಿ ಬೇಕಿಲ್ಲ. ಎರಡು ತಿಂಗಳಿಂದ ಅವರ ಫೋನು ನಾನೇ ಕೇಳಿಸ್ಕೊಂಡಿದೀನಿ. ಕೈ ಇಟ್ರೆ ಜೀವ ಇರಬೇಕು ಅಂತಾರೆ, ಅಷ್ಟೇ. ಅಷ್ಟಕ್ಕೆ ಒಂದನೇ, ಎರಡನೇ ಬಾಯ್ಲರ್ ಸಾಕು. ಹಿಮ ಬೀಳೋವರೆಗೆ ಮೂರನೇದಕ್ಕೆ ಬಿಡುವು ಕೊಡೋಣ. ಸಾಗಿಂದಿಕ್ ಅಕ್ಸಕಾಲ್ ನಿಂತು ಬಿಚ್ಚಿಸ್ಲಿ, ಹೊಸ ಕೊಳವೆ ಹಾಕ್ಸಿ ಜೋಡಿಸ್ಲಿ. ದೊಡ್ಡ ಚಳಿ ಬರೋ ಹೊತ್ತಿಗೆ ಮೂರೂ ಉರೀತಿರುತ್ತೆ."

ಎರ್ದೆನ್ ಕೆಂಪೇರಿದ. ಅವನ ಅಂಗೈ ಮೇಜಿನ ಮೇಲೆ ಬಿತ್ತು, ಬಟ್ಟಲುಗಳು ಖಣ್ ಖಣ್ ಎಂದವು.

"ಬಿಚ್ಚೋದು ಸುಲಭ! ಜೋಡಿಸೋಕಾಗದೆ ಹೋದ್ರೆ? ಒಂದು ತಿರುಪು ಮುರಿದ್ರೆ? ನವೆಂಬರಿನಲ್ಲೇ ಮೈನಸ್ ಇಪ್ಪತ್ತೈದರ ಚಳಿ ಬಿದ್ರೆ? ಊರಿನೋರು ಯಾರ ಕುತ್ತಿಗೆಪಟ್ಟಿ ಹಿಡೀತಾರೆ, ನಿಂದಾ?"

ಉಸಿರು ತೆಗೆದುಕೊಂಡ. ಬಲೌಸಾ ಬಾಯಲ್ಲಿ ಉತ್ತರ ಸಿದ್ಧವಿತ್ತು, ಒಂದಲ್ಲ ನಾಲ್ಕು. ಸಮೋವರಿನ ಪಕ್ಕದಿಂದ ಅಪಾ ಅವಳನ್ನೇ ನೋಡುತ್ತಿದ್ದಳು. ಬಲೌಸಾ ಬಾಯಿ ಬಿಡಲಿಲ್ಲ.

ಎರ್ದೆನ್ ಇನ್ನಷ್ಟು ಹೇಳಿದ. ಅವನ ದನಿ ಮೊದಲಿನಷ್ಟು ಏರಲಿಲ್ಲ. ಎದುರು ಮಾತಿಲ್ಲದಿದ್ದರೆ ಸಿಟ್ಟು ಎಷ್ಟು ದೂರ ಓಡೀತು? ಕೊನೆಗೆ ಅವನು ಕಿಟಕಿಯ ಆಚೆ ನೋಡುತ್ತ ಮೆಲ್ಲಗೆ ಹೇಳಿದ: "ಈ ಊರಿಗೆ ನಾನು ಇನ್ನೊಂದ್ಸಲ ನಾಳೆ ಅನ್ನಲ್ಲ."

ಈಗ ಬಲೌಸಾ ಮಾತಾಡಿದಳು.

"ಅನ್ನಬಾರದು ಆಗಾ. ಅದಕ್ಕೇ ಕೇಳ್ತಿದೀನಿ. ಆ ಕೊಳವೆ ಇವತ್ತು ಬದಲಿಸಿದ್ರೆ ನೀವು ಹದಿನೈದು ಅಂತ ಹೇಳಿ ಹದಿನೈದಕ್ಕೇ ಕೊಡ್ತೀರ. ಬದಲಿಸದೆ ಜನವರಿಯಲ್ಲಿ ಅದು ಒಡೆದ್ರೆ, ನಲವತ್ತರ ಚಳಿಯಲ್ಲಿ ಊರೆಲ್ಲ ಫೋನು ಮಾಡುತ್ತೆ. ಆಗ ನಾಳೆ ಅನ್ನದೆ ಬೇರೆ ದಾರಿ ಇರಲ್ಲ. ಆ ಫೋನು ಎತ್ತಿ ಆ ಮಾತು ಹೇಳೋಕೆ ನನಗೆ ಬಾಯಿ ಬರಲ್ಲ. ಕಾನ್ಶಾಯಿಂ ಅಪಾ ಬಾಯಲ್ಲೂ ಅದನ್ನ ಮತ್ತೆ ಹೇಳಿಸಬೇಡಿ."

ಇಷ್ಟು ಹೇಳಿ ನಿಲ್ಲಿಸಿದಳು. ಇನ್ನೂ ಎಷ್ಟೋ ಲೆಕ್ಕಗಳು ತಲೆಯಲ್ಲಿದ್ದವು, ಅವನ್ನೆಲ್ಲ ಅಲ್ಲೇ ಬಿಟ್ಟಳು.

ಎರ್ದೆನ್ ಮುದುಕನ ಕಡೆ ತಿರುಗಿದ. "ನೀವೇನಂತೀರಿ?"

ಸಾಗಿಂದಿಕ್ ಮೀಸೆ ಒರೆಸಿಕೊಂಡ. "ಹುಡುಗಿ ಒಳಗೆ ತೆವಳಿ ನೋಡಿದಾಳೆ. ನಾನು ನೋಡಿ ವರ್ಷಗಳಾದ್ವು, ಹೊಟ್ಟೆ ಬಿಡಲ್ಲ. ನಿನ್ನೆ ಸುತ್ತಿಗೆಯಿಂದ ತಟ್ಟಿ ನೋಡ್ದೆ, ಸದ್ದು ಸರಿ ಇಲ್ಲ. ದೂರದ ದಾರಿಗೆ ಹೊರಡೋ ಮುಂಚೆ ಕುದುರೆಗೆ ಲಾಳ ಬದಲಿಸಲ್ವಾ? ಹಿಮ ಬೀಳೋಕೆ ಮುಂಚೆ ಜೋಡಿಸಿ ಕೊಡ್ತೀನಿ, ಅದು ನನ್ನ ಮಾತು."

"ಊರಿಗೆ ಯಾರು ಹೇಳ್ತಾರೆ? ಶುರುವಿನಲ್ಲಿ ಬರೀ ಉಗುರುಬೆಚ್ಚಗಿರುತ್ತೆ ಅಂತ?"

"ನೀವು ತಾರೀಕು ಹೇಳಿ ಆಗಾ" ಎಂದಳು ಬಲೌಸಾ. "ಉಗುರುಬೆಚ್ಚಗೆ ಯಾಕೆ ಅನ್ನೋದನ್ನ ನಾನು ಹೇಳ್ತೀನಿ. ಬೈಗುಳ ನನಗೆ ಅಭ್ಯಾಸ ಆಗಿದೆ."

ಯಾರೋ ಕಿಸಕ್ಕೆಂದರು. ಎರ್ದೆ‌ನ್‌ನ ತುಟಿಯೂ ಸ್ವಲ್ಪ ಸಡಿಲಾಯಿತು. "ಬಿಚ್ಚಿ" ಎಂದ. ಆ ಒಂದು ಮಾತಿಗೆ ಬಲೌಸಾ ಎದೆ ಎಷ್ಟು ಹಿಗ್ಗಿತೆಂದರೆ, ಸಾಗಿಂದಿಕ್ ಬತಾ ಹೇಳಿದ್ದು ಅವಳಿಗೆ ಅರ್ಧ ಕೇಳಿಸಲೇ ಇಲ್ಲ. ಎಲ್ಲರ ಜೊತೆ ಮುಖ ಸವರಿಕೊಂಡಾಗ ಅಂಗೈ ಒದ್ದೆಯಾಯಿತು.

ಆ ಭಾನುವಾರ ರೊಟ್ಟಿ ಅಂಗಡಿಯ ಮೆಟ್ಟಿಲ ಮೇಲೆ ಎರ್ದೆನ್ ನಿಂತು ಪ್ರತಿವರ್ಷದಂತೆ ತಾರೀಕು ಸಾರಿದ. "ಯಾಕೆ, ಹೇಗೆ ಅನ್ನೋದನ್ನ ನಮ್ಮ ಎಂಜಿನಿಯರ್ ಹೇಳ್ತಾಳೆ" ಎಂದು ಪಕ್ಕಕ್ಕೆ ಸರಿದ. ಬಲೌಸಾ ಮಾತಾಡಿದಳು. ಜನ ಗೊಣಗಿದರು, ಅವಳು ಗೊಣಗಲು ಬಿಟ್ಟಳು, ಆಮೇಲೆ ಉತ್ತರ ಕೊಟ್ಟಳು. ಹಲಗೆ ಕಳಿಸಿದ್ದ ಮನೆಯ ಹೆಂಗಸು ಗುಂಪಿನ ನಡುವಿನಿಂದ, "ಈ ಹುಡುಗಿ ಹೇಳಿದ್ದನ್ನ ಮಾಡ್ತಾಳೆ, ನನಗೆ ಗೊತ್ತು!" ಎಂದು ಕೂಗಿದಳು. ಹಿಂದೆ ನಿಂತಿದ್ದ ಕುಲ್ಯಾಶ್ ಅಕ್ಕಪಕ್ಕದವರ ಕಡೆ ಒಮ್ಮೆ ತಿರುಗಿ ನೋಡಿದಳು. ನಕ್ಕವರೆಲ್ಲ ಅಲ್ಲೇ ನಿಂತಿದ್ದರು.

ವಾಪಸು ಹೋಗುವಾಗ ಎರ್ದೆನ್ ಕಾರಿನ ಚಾವಿ ಕೈಯಲ್ಲಿ ಹಿಡಿದು ಅನುಮಾನಿಸುತ್ತ ಕೇಳಿದ. "ಜಿಯೆನ್, ಒಂದು ಕೇಳ್ತೀನಿ. ಬೇಸಿಗೆಯಿಂದ ನಾನು ಕಾಯ್ತಾನೇ ಇದ್ದೆ, ಇವತ್ತು ಬಂದು ಜಿಯೆನ್ ಹಕ್ಕು ಕೇಳ್ತಾಳೆ, ನಾಳಿ..." ಎಂದವನು ತಡೆದು ತಿದ್ದಿಕೊಂಡ, "ಮಾರನೇ ದಿನ ಕೇಳ್ತಾಳೆ ಅಂತ. ನಿಮ್ಮಮ್ಮನ್ನ ಗೇಟಿನಲ್ಲಿ ಗಂಟಿನ ಸಮೇತ ನೋಡಿದಾಗ ಎದೆ ಧಸಕ್ಕಂತು. ನೀನು ಕೇಳಿದ್ರೆ ಇಲ್ಲ ಅನ್ನೋಕಾಗ್ತಿರಲಿಲ್ಲ. ಒಂದೇ ಮಾತಿನಲ್ಲಿ ಆಗೋದಕ್ಕೆ ಇಷ್ಟೆಲ್ಲ ಒದ್ದಾಡಿದ್ದು ಯಾಕೆ?"

"ಮೂರು ಸಲದ ಹಕ್ಕು ಹಾಗೇ ಇದೆ ಆಗಾ" ಎಂದಳು ಬಲೌಸಾ. "ಬಾಯ್ಲರಿಗೆ ಯಾಕೆ ಖರ್ಚು ಮಾಡ್ಲಿ? ನಿಮ್ಮ ಹಿಂಡಿನಲ್ಲಿ ಹಣೆ ಮೇಲೆ ಬಿಳಿ ಚುಕ್ಕೆ ಇರೋ ಕಂದು ಕುದುರೆಮರಿ ನೋಡಿದೀನಿ."

"ಅಯ್ಯೋ ನಿನ್ನ!" ಎಂದು ಎರ್ದೆನ್ ತಲೆ ಚಚ್ಚಿಕೊಂಡ. "ಬಾಯ್ಲರೇ ಕೇಳಬಾರದಿತ್ತಾ!" ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ ಇಬ್ಬರೂ ನಕ್ಕರು.

ಹದಿನೈದನೇ ತಾರೀಕು ಬೆಳಿಗ್ಗೆ ಊರಿನ ರೇಡಿಯೇಟರುಗಳು ಉಗುರುಬೆಚ್ಚಗಾದವು. ದೂರಿನ ಫೋನು ಹೊಡೆದುಕೊಂಡಿತು, ಹಿಂದಿನ ವರ್ಷಕ್ಕಿಂತ ಕಡಿಮೆ. ಅದೇ ಅಜ್ಜಿ ಫೋನು ಮಾಡಿ, "ಜೀವ ಇದೆ ಕಣಮ್ಮ" ಎಂದಷ್ಟೇ ಹೇಳಿ ಇಟ್ಟಳು. ಬಿಚ್ಚಿದ ಬಾಯ್ಲರಿನ ಮುಂದೆ ಸಾಗಿಂದಿಕ್ ಸ್ಟೂಲು ಹಾಕಿಕೊಂಡು ಕೂತು ಹುಡುಗರನ್ನೆಲ್ಲ ಬೈದು ಬೈದು ಕೆಲಸ ಮಾಡಿಸಿದ. ಮೊದಲ ಹಿಮ ಬಿದ್ದ ವಾರ ಮೂರನೇ ಬಾಯ್ಲರಿಗೆ ಬೆಂಕಿ ಹಾಕಿದರು.

ಅದಾದ ಮೇಲಿನ ಸೋಮವಾರ. ಬಲೌಸಾ ಎಂದಿನಂತೆ ಸಮೋವರಿನ ಪಕ್ಕ ಕೂತಿದ್ದಳು. ಕಿರಿಯಳು ಅವಳೇ ತಾನೇ, ಚಹಾ ಹಾಕುವುದು ಅವಳಿಗೇನೂ ಬೇಸರವಿರಲಿಲ್ಲ. ಎರ್ದೆನ್ ಮಾತು ಮುಗಿಸಿದ, ಬಟ್ಟಲುಗಳು ಖಾಲಿಯಾದವು. ಸಾಗಿಂದಿಕ್ ಎರಡೂ ಅಂಗೈ ಎತ್ತಿದ, ಎಲ್ಲರೂ ಎತ್ತಿದರು. ಮುದುಕ ಬತಾ ಶುರುಮಾಡಲಿಲ್ಲ. ಅಂಗೈಗಳನ್ನು ಗಾಳಿಯಲ್ಲೇ ಹಿಡಿದುಕೊಂಡು ಸಮೋವರಿನ ಕಡೆ ತಿರುಗಿದ.

"ಮಗಳೇ, ನಿಂದೇನಾದ್ರೂ ಮಾತು ಉಳಿದಿದೆಯಾ?"

ಎರ್ದೆ‌ನ್‌ನ ಅಂಗೈಗಳು, ಚಾಲಕರ, ಬೆಸುಗೆಯವರ, ಬೆಂಕಿ ಹಾಕುವವರ ಅಂಗೈಗಳು, ಎಲ್ಲ ಮೇಲೆ ಎತ್ತಿದಂತೆಯೇ ಕಾಯುತ್ತಿದ್ದವು. ಬಲೌಸಾ ಕೈಲಿದ್ದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು.

"ಇಲ್ಲ ಅಕ್ಸಕಾಲ್. ಇವತ್ತಿಗೆ ಇಲ್ಲ" ಎಂದು ತಾನೂ ಅಂಗೈ ಎತ್ತಿದಳು.